ಎದುರುಗಣ್ಣಿನವಳು

ನಿಂಬೆಹೋಳಿಗೂ ಹೋಗಲಿಲ್ಲ, ಬಟ್ಟೆ ಸೋಪಿಗೂ ಹೋಗಲಿಲ್ಲ. ಟೈಲರಮ್ಮ ಗಂಡನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಒದ್ದೆ ಬಟ್ಟೆಯಿಂದ ಹೆಬ್ಬೆರಳನ್ನು ಮತ್ತೆ ತಿಕ್ಕಿದಳು. ಉಗುರಿನ ಸಂದಿಯಲ್ಲಿ ಕೂತಿದ್ದ ಕಡುನೇರಳೆ ಕಲೆ ಜಪ್ಪಯ್ಯ ಅನ್ನಲಿಲ್ಲ.

“ಬಿಡಮ್ಮ, ಸಾಕು,” ಎಂದಳು ಮಗಳು. “ಅಪ್ಪನ ಕೈ ಯಾವಾಗ್ಲೂ ಹೀಗೇ ಅಲ್ವಾ ಇದ್ದಿದ್ದು.”

“ಇತ್ತು. ಈಗ್ಯಾಕೆ ಇರಬೇಕು?”

ಮಗಳಿಗೆ ಹೊಳೆಯಲಿಲ್ಲ. ಅದು ಕಾಲೇಜಿನ ಪ್ರಯೋಗಾಲಯದ ಬಣ್ಣ, ಹುಳುವಿನ ಜೊಲ್ಲುಗ್ರಂಥಿಗೆ ಹಾಕುವ ಬಣ್ಣ. ಅಲ್ಲಿಗೆ ಹೋಗುವುದನ್ನು ಬಿಟ್ಟರೆ ವಾರದೊಳಗೆ ತಾನಾಗಿಯೇ ಹೋಗುತ್ತದೆ. ಗಂಡ, ಆ ಕಾಲೇಜಿನ ಮೇಷ್ಟ್ರು, ನಿವೃತ್ತರಾಗಿ ಎರಡು ವರ್ಷ ಕಳೆದಿತ್ತು. ಇನ್ನು ಆ ಕಡೆ ತಲೆ ಹಾಕುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದರು. ಬೆಳಿಗ್ಗೆ ಹೊರಟರೆ ಪಾರ್ಕಿಗೆ ಎನ್ನುತ್ತಿದ್ದರು. ಪಾರ್ಕಿನಲ್ಲಿ ಯಾವ ಪುಣ್ಯಾತ್ಮ ನೇರಳೆ ಬಣ್ಣ ಹಂಚುತ್ತಾನೆ? ಇದು ಶಾಲೆಯ ಯೂನಿಫಾರಂ ಹೊಲಿಯುವ ಕಾಲ, ಅಂಗಡಿಯಲ್ಲಿ ತಲೆಯೆತ್ತಲು ಪುರುಸೊತ್ತಿರಲಿಲ್ಲ. ಈ ಮನುಷ್ಯ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದನ್ನು ಕಂಡು, ಮಳೆಯ ಚಳಿಯಿರಬೇಕು ಎಂದುಕೊಂಡಿದ್ದಳು.

ಗೂಟಕ್ಕೆ ನೇತುಹಾಕಿದ್ದ ಪ್ಯಾಂಟಿನ ಜೇಬಿಗೆ ಕೈ ಹಾಕಿದಳು. ಸಿಕ್ಕಿದ್ದು ಉಗುರುಬಣ್ಣದ ಬಾಟಲಿ, ಹೊಸದು. ಅವಳ ಹೊಟ್ಟೆಯೊಳಗೆ ಹಳೆಯ ಕೆಂಡವನ್ನು ಯಾರೋ ಊದಿದ ಹಾಗಾಯಿತು. ಗಂಡ ಸತ್ತು ಇನ್ನೂ ಒಂದು ದಿನ ಕಳೆದಿರಲಿಲ್ಲ, ಅಳು ಬರಬೇಕಾದ ಜಾಗದಲ್ಲಿ ಉರಿ ಬಂತು. ಹೆಣದ ಮುಂದೆ ಕೂತು ಹೆಣದ ಮೇಲೆ ಸಿಟ್ಟಾದವಳು ತಾನೊಬ್ಬಳೇ ಏನೋ ಎಂದು ನಾಚಿಕೆಯೂ ಆಯಿತು. ಆದರೂ ಸಿಟ್ಟು ಇಳಿಯಲಿಲ್ಲ.

*

ಮೊದಲನೇ ಉಗುರುಬಣ್ಣ ಸಿಕ್ಕಿದ್ದು ಮದುವೆಯಾದ ಹೊಸದರಲ್ಲಿ. ಅವಳು ಉಗುರಿಗೆ ಬಣ್ಣ ಹಚ್ಚುವವಳಲ್ಲ, ಬಿಳಿ ಬಟ್ಟೆ ಹೊಲಿಯುವಾಗ ತಾಗಿಬಿಡುತ್ತದೆ. ಅಂಗಿ ಒಗೆಯಲು ಹೋದಾಗ ಜೇಬಿನಲ್ಲಿ ಬಾಟಲಿ ಸಿಕ್ಕಿತು. ಸಂಜೆ ಬಂದ ಗಂಡನ ಮುಂದೆ ಅದನ್ನು ಕುಕ್ಕಿ, ಯಾರಿಗೆ ತಂದಿದ್ದೆಂದು ಕೇಳಿದಳು. ಮೇಷ್ಟ್ರು ನಗಲು ಶುರುಮಾಡಿದರು. ಎರಡು ಗಾಜಿನ ನಡುವೆ ಹುಳುವಿನ ಗ್ರಂಥಿಯನ್ನಿಟ್ಟು ಹೆಬ್ಬೆರಳಿಂದ ಒತ್ತಿದ ಮೇಲೆ, ಅಂಚಿಗೆ ಇದನ್ನು ಬಳಿದರೆ ಒಳಗಿನದು ಬೇಗ ಒಣಗುವುದಿಲ್ಲವಂತೆ. ಅವಳು ನಂಬಲಿಲ್ಲ. ಮಾರನೆಯ ದಿನ ಮಧ್ಯಾಹ್ನದ ಊಟದ ಡಬ್ಬಿ ಕೊಡುವ ನೆಪದಲ್ಲಿ ಪ್ರಯೋಗಾಲಯಕ್ಕೇ ನಡೆದಳು.

ಕೋಣೆಯಲ್ಲಿ ಹಳೆ ನೀರಿನ ವಾಸನೆ. ಗಾಜಿನ ತೊಟ್ಟಿಗಳಲ್ಲಿ ಕೆಂಪು ಮರಿಹುಳುಗಳು ಕೆಸರಿನಲ್ಲಿ ಮಿಸುಕಾಡುತ್ತಿದ್ದವು. ಬಲಿತರೆ ಸೊಳ್ಳೆಯ ಹಾಗೆ ಕಂಡರೂ ಕಚ್ಚದ ಒಂದು ಬಡಪಾಯಿ ಕೀಟದ ಮರಿಗಳು. ಕಿಟಕಿಯ ಹತ್ತಿರ ಆಗಷ್ಟೇ ಬಂದಿದ್ದ ಸೂಕ್ಷ್ಮದರ್ಶಕವಿತ್ತು. ಒಂದೇ ವಸ್ತುವನ್ನು ಇಬ್ಬರು ಎದುರುಬದುರಾಗಿ ಕೂತು ನೋಡುವಂಥದ್ದು. ಈ ಕಡೆ ಮೇಷ್ಟ್ರು, ಆ ಕಡೆ ಉದ್ದ ಜಡೆಯ ಒಬ್ಬ ಹುಡುಗಿ, ಹೊಸದಾಗಿ ಸೇರಿದ ಸಹಾಯಕಿ. ಇಬ್ಬರ ಹಣೆಗಳ ನಡುವೆ ಒಂದು ಗೇಣಿಲ್ಲ.

“ಅಲ್ಲಿ, ಉಬ್ಬಿದೆ ಸರ್,” ಎಂದಳು ಹುಡುಗಿ.

“ಹೂಂ, ನೋಡ್ದೆ,” ಎಂದರು ಮೇಷ್ಟ್ರು.

ಆ “ನೋಡ್ದೆ”ಯಲ್ಲಿ ಎಂಥ ಸುಖವಿತ್ತು! ಮನೆಯಲ್ಲಿ ಅವರು ಆ ದನಿಯಲ್ಲಿ ಉಪ್ಪನ್ನೂ ಕೇಳಿದವರಲ್ಲ. ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಸದ್ದಿಗೆ ತಲೆಯೆತ್ತಿದ ಮೇಷ್ಟ್ರು, ಬಾ, ನೀನೂ ನೋಡು ಎಂದು ಎದ್ದು ಜಾಗ ಬಿಟ್ಟರು. ನನಗೆ ನೂರೆಂಟು ಕೆಲಸವಿದೆ ಎಂದು ಅವಳು ಹೊರಟುಬಂದಳು. ದಾರಿಯಲ್ಲೇ ಆ ಹುಡುಗಿಗೆ ಹೆಸರಿಟ್ಟಾಯಿತು: ಎದುರುಗಣ್ಣಿನವಳು. ಆಮೇಲೆ ಮೇಷ್ಟ್ರು ಎಷ್ಟೋ ಸಲ ಕರೆದರು. ಅವಳು ಒಂದು ಸಲವೂ ಹೋಗಲಿಲ್ಲ. ಹೋದರೆ ತಾನು ಮೂರನೆಯವಳಾಗುತ್ತೇನೆ ಎನ್ನುವ ಹಟ.

ನೋಡಲು ಬರದವಳಿಗೆ ಮೇಷ್ಟ್ರು ಒಂದು ರಾತ್ರಿ ಊಟವಾದ ಮೇಲೆ ಅವಳದೇ ಕಸೂತಿ ದಾರದಲ್ಲಿ ಪಾಠ ಮಾಡಿದರು. ಒಂದು ಎಳೆ ದಾರ ದೂರದಿಂದ ಕಾಣುತ್ತದೆಯೇ? ಕಾಣುವುದಿಲ್ಲ. ಈ ಹುಳುವಿನ ಜೊಲ್ಲುಗ್ರಂಥಿಯಲ್ಲಿ ವರ್ಣತಂತು ತನ್ನ ಹಾಗೆಯೇ ಇನ್ನೊಂದು ಎಳೆ ಮಾಡಿಕೊಳ್ಳುತ್ತದೆ, ಮತ್ತೂ ಮಾಡಿಕೊಳ್ಳುತ್ತದೆ, ಆದರೆ ಯಾವುದೂ ಬೇರೆಯಾಗುವುದಿಲ್ಲ. ಸಾವಿರ ಎಳೆ ಒತ್ತಾಗಿ ಕೂಡಿಕೊಂಡು ಹಗ್ಗದಂತಾಗುತ್ತದೆ, ಅದಕ್ಕೇ ಕಣ್ಣಿಗೆ ಬೀಳುತ್ತದೆ. ಹಾಗೆಂದು ದಾರದ ಲಡಿಯನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು, ನಡುವೆ ಒಂದು ಕಡೆ ಸಡಿಲ ಬಿಟ್ಟರು. ಎಳೆಗಳು ಅಲ್ಲಿ ಬುರುಬುರು ಹರಡಿಕೊಂಡವು.

“ಇಲ್ಲಿರೋ ಜೀನ್ ಈಗ ಕೆಲಸ ಮಾಡ್ತಿದೆ ಅಂತ ಅರ್ಥ. ಕೆಲಸ ಇದ್ದ ಕಡೆ ಬಿಚ್ಚಿಕೊಳ್ಳುತ್ತೆ, ಇಲ್ಲದ ಕಡೆ ಮುಚ್ಚಿಕೊಂಡಿರುತ್ತೆ. ಮೈಯಲ್ಲೆಲ್ಲ ಇರೋದು ಒಂದೇ ದಾರ. ಆದ್ರೆ ಎಲ್ಲಾ ಕಡೆ ಎಲ್ಲಾ ಬಿಚ್ಚಿಕೊಳ್ಳಲ್ಲ. ಬಿಸಿ ತಾಗಿಸಿದ್ರೆ ದಿನಾ ಉಬ್ಬೋದು ಕುಗ್ಗಿ, ಇನ್ನೆಲ್ಲೋ ಉಬ್ಬುತ್ತೆ.”

“ನಿಮ್ಮದು ಕಾಲೇಜಲ್ಲಿ ಚೆನ್ನಾಗಿ ಬಿಚ್ಚಿಕೊಳ್ಳುತ್ತೆ,” ಎಂದಳು ಅವಳು. “ಮನೇಲಿ ಎಲ್ಲಿ ಬಿಚ್ಚಿಕೊಳ್ಳುತ್ತೆ ಸ್ವಲ್ಪ ತೋರಿಸಿ.”

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೇಳಿದವಳು ತಮಾಷೆಗೆ ಕೇಳಿರಲಿಲ್ಲ. ಲಡಿ ಸಿಕ್ಕಾಗಿತ್ತು, ಅದನ್ನು ಬಿಡಿಸುತ್ತ ಅವಳು ಬಹಳ ಹೊತ್ತು ಕೂತಿದ್ದಳು.

*

ಮಧ್ಯಾಹ್ನ ಎದುರುಗಣ್ಣಿನವಳು ಬಂದಳು. ಜಡೆ ಹೋಗಿ ನರೆತ ತುರುಬಾಗಿತ್ತು, ಸೊಂಟವೂ ಸ್ವಲ್ಪ ಬಗ್ಗಿತ್ತು. ಅಂಗಳದಲ್ಲಿ ಕೂತಿದ್ದ ಕಾಲೇಜಿನವರೆಲ್ಲ ಎದ್ದು ದಾರಿ ಬಿಟ್ಟರು. ಮೇಷ್ಟ್ರ ಅಣ್ಣ ಅವಳನ್ನು ಒಳಗೆ ಕರೆತಂದು, ಸ್ಮಶಾನದಲ್ಲಿ ನಾಲ್ಕು ಮಾತು ಇವರೇ ಆಡಲಿ, ಅವನ ಕೆಲಸವನ್ನು ಇವರಷ್ಟು ಹತ್ತಿರದಿಂದ ನೋಡಿದವರಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಟೈಲರಮ್ಮನ ಮೈಯೆಲ್ಲ ಉರಿದುಹೋಯಿತು. ಹತ್ತಿರದಿಂದ! ಜ್ವರದಲ್ಲಿ ರಾತ್ರಿಯೆಲ್ಲ ಒದ್ದೆ ಬಟ್ಟೆ ಹಾಕಿದವಳು ದೂರದವಳು, ಹುಳು ನೋಡಿದವಳು ಹತ್ತಿರದವಳು.

ಬಂದವಳು ಹೆಣದ ಕಾಲ ಬಳಿ ನಿಂತು ಕೈಮುಗಿದಳು. ಮುಗಿದ ಕೈಯ ಹೆಬ್ಬೆರಳಲ್ಲಿ ಅದೇ ನೇರಳೆ ಕಲೆ. ಟೈಲರಮ್ಮ ಎದ್ದು, ಸ್ವಲ್ಪ ಒಳಗೆ ಬನ್ನಿ ಎಂದಷ್ಟೇ ಹೇಳಿ ಹೊಲಿಗೆ ಕೋಣೆಗೆ ನಡೆದಳು. ಹಿಂದೆಯೇ ಬಂದವಳ ಮುಂದೆ ಉಗುರುಬಣ್ಣದ ಬಾಟಲಿಯನ್ನಿಟ್ಟಳು.

“ನಿಮ್ಮ ಹತ್ರ ಬರ್ತಿದ್ರಾ?”

“ಬರ್ತಿದ್ರು ಅಕ್ಕ.”

ಅಕ್ಕನಂತೆ ಅಕ್ಕ! “ನಂಗೆ ಪಾರ್ಕು ಅಂತಿದ್ರು.”

“ಹೇಳಿಬಿಡಿ ಅಂತ ನಾನೂ ಹೇಳ್ದೆ. ಅವಳ ಮುಖ ಬಾಡಿಹೋಗುತ್ತೆ, ಬೇಡ ಅಂತಿದ್ರು.” ಕೈ ನಡುಗುತ್ತಿತ್ತಂತೆ. ಗಾಜನ್ನು ಒತ್ತುವಾಗ ಬೆರಳು ಜಾರಿ ಎಲ್ಲ ಚೂರಾಗುತ್ತಿತ್ತಂತೆ. ಆದರೂ ಬಿಡಲಿಲ್ಲವಂತೆ. ಅವಳು ಚೀಲದಿಂದ ಹತ್ತಿಯಲ್ಲಿ ಸುತ್ತಿದ ಗಾಜಿನ ಪಟ್ಟಿಯೊಂದನ್ನು ತೆಗೆದಳು. “ಮೊನ್ನೆ ಇದೊಂದು ಸರಿಯಾಗಿ ಬಂತು. ಕೊನೇದು. ಅವರ ಜೇಬಲ್ಲಿಟ್ಟು ಕಳಿಸ್ಬೇಕು ಅಂತ ತಂದೆ. ನೀವು ಒಪ್ಪಿದ್ರೆ.”

ಒಪ್ಪುವುದೆಲ್ಲಿಂದ ಬಂತು? ಬೆಳಿಗ್ಗೆಯಿಂದ ತಿಕ್ಕಿ ಒಂದು ಕಲೆ ತೆಗೆಯಲಾಗದವಳು, ಈಗ ಇನ್ನೊಂದನ್ನು ಎದೆಯ ಮೇಲಿಟ್ಟು ಕಳಿಸಬೇಕಂತೆ. ಹೋಗುವವರು ನನ್ನ ಕೈಯಲ್ಲಿ ಹೊಲಿದ ಅಂಗಿ ಹಾಕಿಕೊಂಡು ಹೋಗುತ್ತಿದ್ದಾರೆ, ಆ ಅಂಗಿಯ ಜೇಬೂ ನಿಮಗೆ ಬೇಕೇ ಎಂದು ಕೇಳಲು ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆ.

“ಮೊದಲು ನಾನು ನೋಡ್ತೀನಿ.”

ನಿವೃತ್ತಿಯ ದಿನ ಬೀಳ್ಕೊಡುವಾಗ ಕಾಲೇಜಿನವರು ಆ ಹಳೆಯ ಸೂಕ್ಷ್ಮದರ್ಶಕವನ್ನೇ ಮೇಷ್ಟ್ರಿಗೆ ಕೊಟ್ಟು ಕಳಿಸಿದ್ದರು. ಅವಳು ಅದಕ್ಕೊಂದು ಗವಸು ಹೊಲಿದು ಮೂಲೆಗೆ ಸೇರಿಸಿ, ಮೇಲೆ ತುಂಡುಬಟ್ಟೆಯ ಗಂಟು ಪೇರಿಸಿಟ್ಟಿದ್ದಳು. ಇಬ್ಬರೂ ಸೇರಿ ಎತ್ತಿ ಹೊಲಿಗೆ ಮೇಜಿನ ಮೇಲಿಟ್ಟರು. ಬಂದವಳು ದೀಪ ಹಚ್ಚಿ, ಗಾಜನ್ನು ಕೂರಿಸಿ, ಅಭ್ಯಾಸಬಲದಿಂದ ತನ್ನ ಕಡೆಗೆ ಹೋಗಿ ಕೂತಳು. ಟೈಲರಮ್ಮ ಗಂಡನ ಜಾಗದಲ್ಲಿ ಕೂತು ಬಗ್ಗಿದಳು.

ಮೊದಲು ಏನೂ ಇಲ್ಲ, ಬರೀ ಬೆಳಕು. ಗುಂಡಿ ತಿರುಗಿಸಿ ಎಂದಳು ಆ ಕಡೆಯವಳು. ಸೂಜಿಗೆ ದಾರ ಪೋಣಿಸುವಷ್ಟೇ ಮೆಲ್ಲಗೆ ತಿರುಗಿಸಿದಳು. ಮಸುಕಿನೊಳಗಿಂದ ನೇರಳೆ ಬಣ್ಣದ ಪಟ್ಟಿಗಳು ಎದ್ದುಬಂದವು. ಅಡ್ಡಕ್ಕೆ ಗೆರೆಗಳು, ಸಣ್ಣವು, ದಪ್ಪನೆಯವು, ಒತ್ತೊತ್ತಾಗಿ. ಚಿಕ್ಕ ಪಟ್ಟಿಯೊಂದರ ನಡುವೆ ಗೆರೆ ಕದಡಿ, ಎಳೆ ಹರಡಿ, ಮೋಡದ ಹಾಗೆ ಉಬ್ಬಿದ್ದ ಒಂದು ಜಾಗ. ಅವತ್ತು ಲಡಿಯಲ್ಲಿ ಮೇಷ್ಟ್ರು ಸಡಿಲ ಬಿಟ್ಟು ತೋರಿಸಿದ್ದೇ ಇದು. ಒಂದು ಹುಳುವಿನ ಹೊಟ್ಟೆಪಾಡು ಇಷ್ಟು ಚೆಂದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಇದನ್ನೇ ತಾನೆ ಬಾ, ನೋಡು ಎಂದು ಕರೆದದ್ದು ಎನಿಸಿ, ಬೆಳಿಗ್ಗೆಯಿಂದ ಬಾರದ ಅಳು ಈಗ ಬಂತು.

“ಕಾಣ್ತಿದೆ,” ಎಂದಳು. “ಉಬ್ಬಿರೋದೂ ಕಾಣ್ತಿದೆ. ನಿಮಗೂ ಕಾಣುತ್ತಲ್ಲ?”

“ಪರವಾಗಿಲ್ಲ ಅಕ್ಕ. ಸ್ವಲ್ಪ ಮಸುಕು. ಈ ಕಡೆ ಯಾವಾಗ್ಲೂ ಹೀಗೇ.”

“ಯಾವಾಗ್ಲೂ ಅಂದ್ರೆ?”

“ಕಣ್ಣಿಗೆ ತಕ್ಕ ಹಾಗೆ ಸರಿಮಾಡ್ಕೊಳ್ಳೋಕೆ ಕೊಳವೆಗೊಂದು ಬಳೆ ಇರುತ್ತೆ, ಈ ಕಡೇದು ಮೊದಲಿಂದ್ಲೂ ತಿರುಗೋದಿಲ್ಲ. ಗುಂಡಿ ಸರ್ ಕೈಲಿರ್ತಿತ್ತು. ಅವರಿಗೆ ಸ್ಪಷ್ಟವಾದ್ರೆ ನಂಗೆ ಮಸುಕು.”

“ಅಷ್ಟು ವರ್ಷ? ಒಂದು ಮಾತು ಹೇಳೋದಲ್ವಾ?”

ಆ ಕಡೆಯವಳು ಕಣ್ಣು ಎತ್ತಲಿಲ್ಲ. “ಹೇಳಿದ್ರೆ ನಂಗೆ ಅಂತ ತಿರುಗಿಸೋರು. ಆಗ ಅವರಿಗೆ ಮಸುಕಾಗ್ತಿತ್ತು.”

ಟೈಲರಮ್ಮ ಗುಂಡಿಯಿಂದ ಕೈ ತೆಗೆದಳು. ಇಷ್ಟು ವರ್ಷ ಅನುಮಾನಪಟ್ಟದ್ದು ಕೊನೆಗೂ ಕೈಗೆ ಸಿಕ್ಕಿತ್ತು. ಜೇಬು ಹುಡುಕಿದರೂ, ಅಂಗಿ ಮೂಸಿದರೂ ಸಿಗದದ್ದು ಇದೇ. ಅದು ಗಂಡನಲ್ಲಿ ಇರಲೇ ಇಲ್ಲ, ಇಲ್ಲಿ ಇವಳ ಹತ್ತಿರ ಇತ್ತು. ಹೊಟ್ಟೆಕಿಚ್ಚೇನೂ ಆರಲಿಲ್ಲ, ಇನ್ನೂ ಜೋರಾಯಿತು. ಇಷ್ಟೊಂದನ್ನು ಬಚ್ಚಿಟ್ಟುಕೊಂಡು ಸುಮ್ಮನೆ ಕೂತಿರಲು ತನ್ನ ಕೈಯಲ್ಲಿ ಎಂದೂ ಆಗುತ್ತಿರಲಿಲ್ಲ.

“ಮನೇಲಿ ನಗ್ತಿದ್ರಾ ಅಕ್ಕ?” ಎಂದಳು ಆ ಕಡೆಯವಳು ಮೆಲ್ಲಗೆ. “ಅಲ್ಲಿ ಒಂದು ಸಲವೂ ನಕ್ಕಿದ್ದು ನೋಡ್ಲಿಲ್ಲ ನಾನು.”

ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು ಎಂದು ಹೇಳಬಹುದಿತ್ತು, ಹೇಳಿ ಗೆಲ್ಲಬಹುದಿತ್ತು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಭಾವ ಬಾಗಿಲಲ್ಲಿ ನಿಂತು, ಹೊತ್ತಾಯಿತಮ್ಮ, ಎತ್ತಬೇಕು ಎಂದರು.

“ಸ್ವಲ್ಪ ತಡೀರಿ ಭಾವ,” ಎಂದಳು ಟೈಲರಮ್ಮ ತಲೆಯೆತ್ತದೆ. ಗುಂಡಿಯ ಮೇಲೆ ಕೈಯಿಟ್ಟು ಕೂದಲೆಳೆಯಷ್ಟು ತಿರುಗಿಸಿದಳು. ಅವಳ ಕಣ್ಣ ಮುಂದಿನ ಗೆರೆಗಳು ಒಂದರೊಳಗೊಂದು ಕರಗತೊಡಗಿದವು, ಉಬ್ಬಿದ್ದ ಜಾಗವೂ ಬರೀ ನೇರಳೆ ಹೊಗೆಯಾಯಿತು.

“ಇನ್ನೂ ಸ್ವಲ್ಪ,” ಎಂದಿತು ಆ ಕಡೆಯ ದನಿ. “ಇನ್ನೊಂದು ಚೂರು. ಹಾಂ. ಈಗ.”

ಟೈಲರಮ್ಮನಿಗೆ ಏನೂ ಕಾಣುತ್ತಿರಲಿಲ್ಲ. ಗುಂಡಿ ಜಾರದ ಹಾಗೆ ಹಿಡಿದುಕೊಂಡು ಅವಳು ಹಾಗೆಯೇ ಬಗ್ಗಿ ಕೂತಿದ್ದಳು.