ನಾಲ್ಕು ಪೆಟ್ಟಿನ ಮೌನ

ನನ್ನ ಚಿಕ್ಕಮ್ಮ ಹಾಡಿದ ಒಂದೇ ಒಂದು ಹಾಡು ಇಡೀ ಆಸ್ಟ್ರೇಲಿಯಾಕ್ಕೆ ಗೊತ್ತು. ಆ ಹಾಡಿನಲ್ಲಿ ಆಕೆ ಹಾಡದೆ ಬಿಟ್ಟ ಜಾಗ ಇನ್ನೂ ಚೆನ್ನಾಗಿ ಗೊತ್ತು.

ಆಕೆಯ ಹೆಸರು ನರೆಲ್ ಹಾಸ್ಕಿಂಗ್. ಮೆಲ್ಬರ್ನ್‌ನ ಪ್ರೆಸ್ಟನ್‌ನಲ್ಲಿ ಟ್ರ್ಯಾಮ್ ಚಾಲಕನ ಎರಡನೇ ಮಗಳು. ಸುಟ್ಟ ಕೋಳಿ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಆಕೆ ಗಿರಾಕಿಗಳ ನಂಬರು ಕೂಗುತ್ತಿದ್ದ ಗಂಟಲು ಕೇಳಿ ಯಾರೋ ಸಂಗೀತ ಕಂಪನಿಯವನು ಕರೆದುಕೊಂಡು ಹೋದನಂತೆ. ನರೆಲ್ ಆಗಿ ಹೋದವಳು ಜೆಟ್ಟಾ ಆಗಿ ಬಂದಳು. ೧೯೯೬ರಲ್ಲಿ ಆಕೆಯ ಕುಣಿತದ ಹಾಡು ರೇಡಿಯೋ ಪಟ್ಟಿಯಲ್ಲಿ ಆರು ವಾರ ಮೂರನೇ ಸ್ಥಾನದಲ್ಲಿ ನಿಂತಿತು. ಜಪಾನ್, ಜರ್ಮನಿ, ಬೆಳ್ಳಿ ಬಣ್ಣದ ಬೂಟು, ಸುತ್ತ ಎಂಟು ಜನ ಅಂಗಿಯಿಲ್ಲದ ಗಂಡಸರು. ಎರಡನೇ ಆಲ್ಬಂ ಮಕಾಡೆ ಮಲಗಿತು. ಕಂಪನಿ ಒಂದು ಫ್ಯಾಕ್ಸ್ ಕಳಿಸಿ ಕೈತೊಳೆದುಕೊಂಡಿತು. ಆಮೇಲೆ ಪ್ರವಾಸಿ ಹಡಗುಗಳು, ಮಾಜಿ ಸೈನಿಕರ ಕ್ಲಬ್ಬುಗಳು, ಹೊಸ ಮಾಂಸದಂಗಡಿಗಳ ಉದ್ಘಾಟನೆಗಳು. ಈಗ ವಯಸ್ಸು ಐವತ್ತಮೂರು. ವಾರದಲ್ಲಿ ಮೂರು ಬೆಳಿಗ್ಗೆ ಪ್ರೆಸ್ಟನ್ ಈಜುಕೊಳದಲ್ಲಿ ವಯಸ್ಸಾದ ಹೆಂಗಸರನ್ನು ನೀರಿನೊಳಗೆ ನಿಲ್ಲಿಸಿ ವ್ಯಾಯಾಮ ಮಾಡಿಸುತ್ತಾಳೆ. ಶನಿವಾರ, ಭಾನುವಾರ ಜೆಟ್ಟಾ. ಕುಣಿಯುವವರು ಈಗ ಇಬ್ಬರೇ. ದೂರದ ಊರಾದರೆ ಅವರೂ ಬರುವುದಿಲ್ಲ. ನಾನು, ಅಂದರೆ ಆಕೆಯ ಅಕ್ಕನ ಮಗಳು ಟೆಗನ್, ವ್ಯಾನ್ ಓಡಿಸುತ್ತೇನೆ, ಹಿನ್ನೆಲೆ ಸಂಗೀತದ ಗುಂಡಿ ಒತ್ತುತ್ತೇನೆ. ಓದಿದ್ದು ಇತಿಹಾಸ. ಮಾಡುವುದು ಇದು.

ಆ ಹಾಡಿನ ಪಲ್ಲವಿಯ ಕೊನೆಗೆ ಆಕೆ "ಹೇಳು, ಹೇಳು, ನಾನೇನು ಮಾಡಲಿ?" ಎಂದು ಕೇಳಿ ನಿಲ್ಲುತ್ತಾಳೆ. ಸಂಗೀತವೂ ನಿಲ್ಲುತ್ತದೆ. ತಾಳದ ನಾಲ್ಕು ಪೆಟ್ಟು ಬರೀ ಮೌನ. ಅದರಲ್ಲಿ ಕಲೆ ಏನೂ ಇಲ್ಲ. ಕುಣಿದು ಕುಣಿದು ಉಸಿರು ಕಟ್ಟುತ್ತಿತ್ತು, ಉಸಿರೆಳೆಯಲು ಜಾಗ ಕೇಳಿ ಹಾಕಿಸಿಕೊಂಡಿದ್ದಳು. ಅದೇ ವರ್ಷ ಬಿಂಡಾರಾ ಎಂಬ ಗೋಧಿ ಬೆಳೆಯುವ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಹಾಡುವಾಗ, ಆ ಜಾಗದಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೂಗಿದಳು:

"ತಿಕ ಮುಚ್ಕೊಂಡ್ ಕುಣಿ!"

ಕರಾರುವಾಕ್ಕಾಗಿ ನಾಲ್ಕು ಪೆಟ್ಟು. ಮರುವಾರ ಪಕ್ಕದ ಊರಿನವರು ಕೂಗಿದರು. ಮೂರು ತಿಂಗಳಿಗೆ ಅದು ಪರ್ತ್ ಮುಟ್ಟಿತು. ಈಗ ಮದುವೆಗಳಲ್ಲಿ ಅಜ್ಜಿಯರು ಕೂಗುತ್ತಾರೆ, ಕ್ರಿಕೆಟ್ ಮೈದಾನದಲ್ಲಿ ಊಟದ ವಿರಾಮಕ್ಕೆ ಹಾಡು ಹಾಕಿದರೆ ಎಂಬತ್ತು ಸಾವಿರ ಜನ ಕೂಗುತ್ತಾರೆ. ಚಿಕ್ಕಮ್ಮನಿಗೆ ಅದನ್ನು ಕಂಡರೆ ಆಗದು. "ನಾನು ಬರೀದೇ ಇರೋ ಸಾಲಿಗೆ ನಾನು ಫೇಮಸ್ಸು ಕಣೇ," ಎನ್ನುತ್ತಾಳೆ. ಆದರೂ ಪ್ರತಿ ಸಲ ಆ ಜಾಗ ಬಂದಾಗ ಮೈಕನ್ನು ಜನರ ಕಡೆ ಚಾಚುತ್ತಾಳೆ. ಚಾಚದಿದ್ದರೆ ಬಿಯರ್ ಡಬ್ಬಿ ಬರುತ್ತದೆ.

ಮೂರು ವರ್ಷದ ಹಿಂದೆ ಆಕೆ ಒಂದು ಹಾಡು ಬರೆದಳು. ತಾನೇ ಕೂತು ಬರೆದ ಮೊದಲ ಹಾಡು. ನೀರಿನ ವ್ಯಾಯಾಮಕ್ಕೆ ಬರುವ ಎಪ್ಪತ್ತೊಂಬತ್ತು ವರ್ಷದ ಒಬ್ಬಳು ಕೊಳಕ್ಕೆ ಇಳಿಯುತ್ತಾ, "ಸಾಯೋದು ಇದ್ದೇ ಇದೆ, ಇವತ್ತಲ್ಲ, ಇವತ್ತು ನೀರು ಬೆಚ್ಚಗಿದೆ," ಎಂದಿದ್ದಳಂತೆ. ಹಾಡಿನ ಹೆಸರೇ 'ಇವತ್ತಲ್ಲ'. ಕುಣಿಯುವ ಹಾಡೇ, ಚೆನ್ನಾಗಿಯೇ ಇದೆ. ಹನ್ನೊಂದು ರೇಡಿಯೋದವರು ವಾಪಸ್ ಕಳಿಸಿದರು. ಒಬ್ಬನಂತೂ ಹಳೆಯದನ್ನೇ ಮತ್ತೆ ಹಾಡಿ ಕಳಿಸಿ ಎಂದು ಬರೆದ. "ಇದನ್ನ ಯಾರೂ ಕೇಳದಿದ್ರೆ ಮುಗೀತು ಟೆಗ್," ಎಂದಳು ಚಿಕ್ಕಮ್ಮ. "ಬೂಟು ನೀನೇ ಇಟ್ಕೊ. ನಾನು ನೀರಲ್ಲೇ ಇದ್ದುಬಿಡ್ತೀನಿ."

ಆಗ ಬೆಳಗಿನ ಟೀವಿ ಕಾರ್ಯಕ್ರಮದಿಂದ ಫೋನ್ ಬಂತು. ಆರು ವರ್ಷ ಮುಚ್ಚಿದ್ದ ಬಿಂಡಾರಾದ ಈಜುಕೊಳ ಜನವರಿಯ ಒಂದು ಶುಕ್ರವಾರ ತೆರೆಯುತ್ತದೆ. ಅಲ್ಲಿಂದ ನೇರ ಪ್ರಸಾರ. ಏಳೂ ನಲವತ್ತಕ್ಕೆ ಹಳೆಯ ಹಾಡು, ಎಂಟೂ ಕಾಲಿಗೆ 'ಇವತ್ತಲ್ಲ', ಪೂರ್ತಿ. ಕಾರ್ಯಕ್ರಮದ ಉಸ್ತುವಾರಿ ಪೈಪರ್ ಎಂಬ ಇಪ್ಪತ್ತೈದರ ಹುಡುಗಿ. ಆಕೆಯದು ಒಂದೇ ಷರತ್ತು.

"ಆ ಮಾತು ಪ್ರಸಾರ ಆದ್ರೆ ಎರಡನೇ ಹಾಡು ಕಟ್. ಮಕ್ಕಳು ಟೋಸ್ಟ್ ತಿನ್ನೋ ಹೊತ್ತದು. ಹೋದ ತಿಂಗಳು ಮೀನು ಹಿಡಿಯೋನೊಬ್ಬ ನೇರ ಪ್ರಸಾರದಲ್ಲಿ ಬೈದ. ಮೇಲಿನವರು ಸುಲಿದಿದ್ದು ನನ್ನ ಚರ್ಮ."

"ಬಿಡುವನ್ನೇ ಕತ್ತರಿಸಿ ಹಾಕ್ತೀನಿ ಚಿಕ್ಕಮ್ಮ, ಎರಡು ನಿಮಿಷದ ಕೆಲಸ," ಎಂದೆ ನಾನು.

"ಕತ್ತರಿಸು. ಉಸಿರು ನಿಮ್ಮಪ್ಪ ಬಂದು ತಗೋತಾನಾ?"

ಗುರುವಾರ ಮಧ್ಯಾಹ್ನ ಬಿಂಡಾರಾ ತಲುಪಿದೆವು. ಊರ ಬಾಗಿಲಲ್ಲಿ ಗೋಧಿ ತುಂಬುವ ಸಿಮೆಂಟಿನ ಗೋಪುರ, ಅದರ ಮೇಲೆ ಹತ್ತು ಆಳೆತ್ತರ ಒಬ್ಬ ಹೆಂಗಸಿನ ಚಿತ್ರ. ಎರಡೂ ಕೈ ಬಾಯಿಗೆ ಒಡ್ಡಿ ಕೂಗುತ್ತಿದ್ದಾಳೆ. ಅವಳೇ ಗ್ವೆಂಡಾ ಪ್ರಾಟ್. ಗೋಧಿ ಲಾರಿಗಳ ತೂಕದ ಕಟ್ಟೆಯಲ್ಲಿ ನಲವತ್ತು ವರ್ಷ ಕೆಲಸ ಮಾಡಿದವಳು, ೧೯೯೬ರಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದವಳು. ಈಗ ಎಂಬತ್ತೊಂದು. ಈ ಊರನ್ನು ದೇಶ ನೆನಪಿಟ್ಟುಕೊಂಡಿರುವುದು ಅವಳ ಗಂಟಲಿನಿಂದ. ಇಂಥ ಊರಿಗೆ ಹೋಗಿ ಬಾಯಿ ಮುಚ್ಚಿಕೊಳ್ಳಿ ಎನ್ನಬೇಕಿತ್ತು.

ಗ್ವೆಂಡಾ ಈಜುಕೊಳದ ಪಕ್ಕದ ತಿಂಡಿಯಂಗಡಿಯಲ್ಲಿ ನಾಳೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ತಲೆಯೆತ್ತಿ ಚಿಕ್ಕಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಟೀವೀಲಿ ಉದ್ದ ಕಾಣ್ತಿದ್ದೆ. ಕುಳ್ಳಿ ನೀನು."

"ನಿಮ್ಮನ್ನೂ ಈಗ ಗೋಪುರದ ಮೇಲೆ ನೋಡ್ಕೊಂಡು ಬಂದೆ. ನಾನು ಏನೂ ಹೇಳ್ಲಿಲ್ಲಪ್ಪ."

ಮುದುಕಿ ನಕ್ಕಳು. ಚಿಕ್ಕಮ್ಮ ಸುತ್ತಿಬಳಸದೆ ವಿಷಯ ಹೇಳಿದಳು. ಚಾಕು ನಿಂತಿತು.

"ಈ ಊರಿಗೆ ಇರೋದೇ ಮೂರು. ಗೋಧಿ, ನೊಣ, ಆ ಸಾಲು," ಎಂದಳು ಗ್ವೆಂಡಾ. "ಅದರಲ್ಲಿ ಒಂದನ್ನ ಬಿಡಿ ಅಂತೀಯಲ್ಲ, ಬಾಯಿ ಹೇಗೆ ಬಂತು ನಿಂಗೆ?"

"ಒಂದೇ ಒಂದು ಬೆಳಿಗ್ಗೆ ಗ್ವೆಂಡಾ. ನಾಡಿದ್ದಿಂದ ದಿನಾ ಕೂಗ್ಕೊಳ್ಳಿ."

"ಏನಂಥ ಹಾಡು ಅದು? ಹಾಡು ನೋಡೋಣ."

ಚಿಕ್ಕಮ್ಮ ಅಲ್ಲೇ, ಐಸ್‌ಕ್ರೀಂ ಪೆಟ್ಟಿಗೆಗೆ ತಾಳ ಹಾಕುತ್ತಾ ಹಾಡಿದಳು. ಗ್ವೆಂಡಾ ಮುಖ ಗಂಟು ಹಾಕಿಕೊಂಡೇ ಕೇಳಿದಳು. ಮುಗಿದ ಮೇಲೆ ಮೇಜಿನ ಕೆಳಗೆ ತನ್ನ ಕಾಲನ್ನೇ ಬಗ್ಗಿ ನೋಡಿಕೊಂಡಳು.

"ಕುಣೀತು ಕಣೇ. ಮಂಡಿ ಬದಲಾಯಿಸಿದ ಮೇಲೆ ಇದೇ ಮೊದಲು." ಮತ್ತೆ ಚಾಕು ಎತ್ತಿಕೊಂಡಳು. "ಸರಿ. ಬಾಯಿ ತೆರೆಸಿದೋಳು ನಾನು. ನಾನೇ ಮುಚ್ಚಿಸ್ತೀನಿ."

ಸಂಜೆ ಐದಕ್ಕೆ ಊರೆಲ್ಲ ಕೊಳದ ಹುಲ್ಲಿನ ಮೇಲೆ ಸೇರಿತು. ನಾನು ಹಾಡು ಹಾಕಿದೆ. ಮೊದಲ ಸಲ ಆರುನೂರು ಜನವೂ ಕೂಗಿದರು. ಗ್ವೆಂಡಾ ಸೀಟಿ ಊದಿ ಬೈದಳು. ಎರಡನೇ ಸಲ ಅರ್ಧ ಜನ. ಮೂರನೇ ಸಲ ಪಾದ್ರಿ ಒಬ್ಬರೇ.

"ಫಾದರ್, ನಾಚ್ಕೆ ಆಗಲ್ವಾ ನಿಮಗೆ?"

"ನಾನೇನು ಮಾಡ್ಲಿ ಗ್ವೆಂಡಾ, ಆ ಜಾಗ ಬಂದ ತಕ್ಷಣ ಬಾಯಿ ತಾನಾಗೇ ತೆರ್ಕೊಳುತ್ತೆ!"

"ಹಾಗಾದ್ರೆ ಅದರೊಳಗೆ ಏನಾದ್ರೂ ತುರ್ಕೋಬೇಕು."

ಉಪಾಯ ಹೊಳೆದದ್ದು ಹಾಗೆ. ಬೆಳಿಗ್ಗೆ ಏಳೂವರೆಗೆ ಪ್ರತಿಯೊಬ್ಬರ ಕೈಗೂ ಬ್ರೆಡ್ಡಿನಲ್ಲಿ ಸುತ್ತಿದ ಒಂದು ಸಾಸೇಜ್. "ಹೇಳು, ಹೇಳು" ಎಂದ ಕೂಡಲೇ ಎಲ್ಲರೂ ಕಚ್ಚಬೇಕು, ನಾಲ್ಕು ಪೆಟ್ಟು ಮುಗಿಯುವವರೆಗೆ ಅಗಿಯುತ್ತಿರಬೇಕು. ಮಾಂಸ ತಿನ್ನದ ಇಬ್ಬರು ಟೀಚರುಗಳಿಗೆ ಬರೀ ಈರುಳ್ಳಿ.

ಶುಕ್ರವಾರ ಏಳೂವರೆಗೇ ಮೂವತ್ತನಾಲ್ಕು ಡಿಗ್ರಿ ಬಿಸಿಲು. ಚಿಕ್ಕಮ್ಮ ಬೆಳ್ಳಿ ಬೂಟಿನಲ್ಲಿ, ಎದುರಿಗೆ ಈಜುಡುಗೆಯಲ್ಲಿ ಆರುನೂರು ಜನ ಕೈಯಲ್ಲಿ ಸಾಸೇಜ್ ಹಿಡಿದು ರಾಷ್ಟ್ರಗೀತೆಗೆ ನಿಂತವರ ಹಾಗೆ ಗಂಭೀರ. ಕ್ಯಾಮೆರಾದ ಪಕ್ಕ ಪೈಪರ್ ಕಿವಿಗೆ ತಂತಿ ಸಿಕ್ಕಿಸಿಕೊಂಡು ಉಗುರು ಕಚ್ಚುತ್ತಿದ್ದಳು. ಕೈ ಬೀಸಿದಳು. ನಾನು ಗುಂಡಿ ಒತ್ತಿದೆ.

ಚಿಕ್ಕಮ್ಮ ಚೆನ್ನಾಗಿ ಹಾಡಿದಳು, ಸುಳ್ಳೇಕೆ. ಐವತ್ತಮೂರರ ಮಂಡಿನೋವನ್ನು ಮರೆತು ಕುಣಿದಳು. ಪಲ್ಲವಿ ಬಂತು. "ಹೇಳು, ಹೇಳು, ನಾನೇನು ಮಾಡಲಿ?"

ಆರುನೂರು ಜನ ಕಚ್ಚಿದರು.

ಇಪ್ಪತ್ತೆಂಟು ವರ್ಷದಲ್ಲಿ ಆ ಜಾಗ ಹಾಗೆ ಖಾಲಿ ಇದ್ದದ್ದನ್ನು ಯಾರೂ ಕೇಳಿರಲಿಲ್ಲ. ನೊಣಗಳ ಸದ್ದು ಕೇಳುತ್ತಿತ್ತು. ಚಿಕ್ಕಮ್ಮ ಅಭ್ಯಾಸದಂತೆ ಮೈಕನ್ನು ಜನರ ಕಡೆ ಚಾಚಿದಳು. ಏನೂ ಬರಲಿಲ್ಲ. ಆಕೆಯ ಮುಖದಲ್ಲಿ ಗಾಬರಿ ಕಂಡಿತು, ಮೆಟ್ಟಿಲಿದೆ ಎಂದು ಕಾಲಿಟ್ಟು ಮೆಟ್ಟಿಲು ಸಿಗದವಳ ಗಾಬರಿ. ಮೈಕನ್ನು ತನ್ನ ಬಾಯಿಗೇ ಎಳೆದುಕೊಂಡಳು. ಕೋಳಿ ಅಂಗಡಿಯ ಗಂಟಲಿನಲ್ಲಿ, ದೇಶದ ಎಲ್ಲ ಟೋಸ್ಟುಗಳ ಮೇಲೆ, ತಾನೇ ಕೂಗಿದಳು:

"ತಿಕ ಮುಚ್ಕೊಂಡ್ ಕುಣಿ!"

ಒಂದು ಕ್ಷಣ ಎಲ್ಲರ ಬಾಯಿಯೂ ನಿಂತಿತು. ಆಮೇಲೆ ಆರುನೂರು ಬಾಯಿಯ ಸಾಸೇಜ್ ಒಟ್ಟಿಗೆ ಹಾರಿತು. ಪಾದ್ರಿಗೆ ನೆತ್ತಿಗೇರಿ ಇಬ್ಬರು ಬೆನ್ನು ಗುದ್ದಬೇಕಾಯಿತು. ಕ್ಯಾಮೆರಾದ ಗಾಜಿಗೆ ಈರುಳ್ಳಿ ಅಂಟಿತ್ತು. ಪೈಪರ್ ಎರಡೂ ಕೈಯಿಂದ ಕತ್ತು ಕೊಯ್ಯುವ ಸನ್ನೆ ಮಾಡುತ್ತಿದ್ದಳು. ಆ ಸನ್ನೆಗೆ ಇಲ್ಲಿಯ ಪ್ರಸಾರ ನಿಂತು, ಮೆಲ್ಬರ್ನ್‌ನ ಸ್ಟುಡಿಯೋದವರು ಆಗಲೇ ಹವಾಮಾನದ ನಕ್ಷೆ ಹಾಕಿದ್ದರು.

"ನೀವು... ನೀವೇ?" ಎಂದಳು ಪೈಪರ್.

"ಬಾಯಿಗೆ ಬಂತಮ್ಮ," ಎಂದಳು ಚಿಕ್ಕಮ್ಮ.

"ಎರಡನೇ ಹಾಡು ಇಲ್ಲ. ಸಾರಿ. ನನ್ನ ಕೆಲಸಾನೂ ಇರಲ್ಲ ಅನ್ಸುತ್ತೆ."

ಚಿಕ್ಕಮ್ಮ ಕೊಳದ ಅಂಚಿನಲ್ಲಿ ಕೂತಳು. ನಗುತ್ತಿದ್ದಳು, ನಿಲ್ಲಿಸಲಾಗದೆ ನಗುತ್ತಿದ್ದಳು, ಕಣ್ಣ ಕಾಡಿಗೆಯೆಲ್ಲ ಕೆನ್ನೆಗಿಳಿದಿತ್ತು. "ಇಷ್ಟು ವರ್ಷ ಅವರನ್ನ ಬೈದೆನಲ್ಲೇ ಟೆಗ್. ಎಲ್ಲಾರ್ಗಿಂತ ಚೆನ್ನಾಗಿ ನಾನೇ ಕಲ್ತಿದ್ದೀನಿ." ಆಮೇಲೆ ನಗು ನಿಂತಿತು. ಬೂಟಿನ ಜಿಪ್ಪಿಗೆ ಕೈ ಹಾಕಿದಳು. "ಎಳಿ ಇದನ್ನ. ಆಯ್ತು ಬಿಡು."

ನಾನು ಒಂದು ಬೂಟು ಎಳೆಯುವಷ್ಟರಲ್ಲಿ ಪೈಪರ್ ಓಡಿ ಬಂದಳು. ಕಿವಿಯ ತಂತಿಯಲ್ಲಿ ಯಾರೋ ಅರಚುತ್ತಿದ್ದದ್ದು ನನಗೂ ಕೇಳಿಸಿತು. ಎಂಟೂ ಕಾಲಿಗೆ ಜೆಟ್ಟಾ ಕ್ಯಾಮೆರಾದ ಮುಂದೆ ಕ್ಷಮೆ ಕೇಳಬೇಕು, ಮೂವತ್ತು ಸೆಕೆಂಡು, ನೇರ ಪ್ರಸಾರ. ಗ್ವೆಂಡಾ ಸಾಸೇಜ್ ತಿರುವುವ ಇಕ್ಕುಳ ಹಿಡಿದುಕೊಂಡೇ ಹತ್ತಿರ ಬಂದಳು.

"ಏ ಹುಡುಗಿ, ಆ 'ಇವತ್ತಲ್ಲ' ಅನ್ನೋ ಪಲ್ಲವಿ ಎಷ್ಟುದ್ದ ಇದೆ?"

"ಇಪ್ಪತ್ತೆರಡು ಸೆಕೆಂಡ್," ಎಂದೆ.

"ಹಾಗಾದ್ರೆ ಕ್ಷಮೆಗೆ ಎಂಟು ಸಾಕು." ಪೈಪರಳ ಕಡೆ ತಿರುಗಿದಳು. "ನೋಡು ಚಿನ್ನ, ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ಆದ್ರೆ ಇವಳು ಹಾಡುವಾಗ ನೀನು ಮಧ್ಯ ನಿಲ್ಲಿಸಿದ್ರೆ ನೆನಪಿರ್ಲಿ, ಈಗ ಯಾರ ಬಾಯಲ್ಲೂ ಸಾಸೇಜ್ ಇಲ್ಲ."

"ಇದು ಬೆದರಿಕೆ ಗ್ವೆಂಡಾ."

"ಹೂಂ ಕಣಮ್ಮ. ಮತ್ತೇನಂದ್ಕೊಂಡೆ?"

ಚಿಕ್ಕಮ್ಮ ನನ್ನ ಕೈಯಿಂದ ಬೂಟು ಕಿತ್ತುಕೊಂಡಳು.

ಎಂಟೂ ಕಾಲು. ಕ್ಯಾಮೆರಾದ ಕೆಂಪು ದೀಪ ಹತ್ತಿತು. "ಬೆಳಿಗ್ಗೆ ಬೆಳಿಗ್ಗೆ ಹೊಲಸು ಮಾತಾಡಿದೆ, ತಪ್ಪಾಯ್ತು," ಎಂದಳು ಚಿಕ್ಕಮ್ಮ. "ಮಕ್ಕಳೇ, ನೀವು ಹಾಗನ್ಬೇಡಿ. ದೊಡ್ಡೋರಾದ್ಮೇಲೆ ಅನ್ನಿ." ನಾನು ಗುಂಡಿ ಒತ್ತಿದೆ.

*ಸಾಯೋದು ಇದ್ದೇ ಇದೆ, ಇವತ್ತಲ್ಲ, ಇವತ್ತಲ್ಲ.* ಪೈಪರಳ ಕೈ ಕತ್ತಿನ ಹತ್ತಿರ ಏರಿತು. ಆರುನೂರು ಜನ ಒಟ್ಟಿಗೆ ಎದೆ ತುಂಬ ಉಸಿರೆಳೆದುಕೊಂಡರು. ಆ ಸದ್ದು ಮೈಕಿಗೂ ಕೇಳಿಸಿರಬೇಕು. ಕೈ ಇಳಿಯಿತು. ಮೂವತ್ತು ಸೆಕೆಂಡು ದಾಟಿತು, ಪಲ್ಲವಿ ಮುಗಿದು ಚರಣ ಶುರುವಾಯಿತು. ಪೈಪರ್ ತಂತಿಗೆ ಹೇಳುತ್ತಿದ್ದಳು: "ಏನೋ ಸಿಕ್ಕಾಕೊಂಡಿದೆ ಸರ್. ಇಲ್ಲ ಸರ್, ಆಫ್ ಆಗ್ತಿಲ್ಲ. ನೋಡ್ತಿದ್ದೀನಿ ಸರ್." ನೋಡುತ್ತಿದ್ದದ್ದು ಚಿಕ್ಕಮ್ಮನ ಬೂಟುಗಳನ್ನು. ಅವಳ ಭುಜ ತಾಳಕ್ಕೆ ಕುಣಿಯುತ್ತಿತ್ತು.

ಎರಡನೇ ಚರಣದ ಕೊನೆಗೆ ಬಂದಾಗ ಚಿಕ್ಕಮ್ಮನ ಉಸಿರು ಮುಗಿಯಿತು. ಯಾರೂ ತೂರಿಕೊಳ್ಳಬಾರದೆಂದು ಈ ಹಾಡಿನಲ್ಲಿ ಬೇಕೆಂದೇ ಒಂದೂ ಬಿಡುವು ಇಟ್ಟಿರಲಿಲ್ಲ. ಸಂಗೀತ ಮುಂದೆ ಹೋಯಿತು. ಆಕೆ ಹಿಂದೆ ಉಳಿದಳು, ಎರಡೂ ಕೈ ಮಂಡಿಯ ಮೇಲೆ, ಬಾಯಿ ಬಿಟ್ಟರೆ ಗಾಳಿ ಮಾತ್ರ.

"ಇವತ್ತಲ್ಲ!" ಎಂದು ಗ್ವೆಂಡಾ ಕೂಗಿದಳು, ಒಂದು ಪೆಟ್ಟು ಮೊದಲೇ.

"ಇವತ್ತಲ್ಲ!" ಎಂದಿತು ಬಿಂಡಾರಾ. ಅವರಿಗೆ ಗೊತ್ತಿದ್ದದ್ದು ಆ ಒಂದೇ ಪದ. ಅದನ್ನೇ ಎಲ್ಲ ಸಾಲಿಗೂ ಹಾಕಿದರು, ರಾಗ ತಪ್ಪಿ, ತಾಳ ತಪ್ಪಿ, ಕೊಳಕ್ಕೆ ಧುಮುಕಿ ನೀರು ಬಡಿಯುತ್ತಾ. ಪಾದ್ರಿ ಬಟ್ಟೆ ಸಮೇತ ಧುಮುಕಿದರು. ಹಾಡು ಹತ್ತು ಸೆಕೆಂಡಿನಲ್ಲಿ ಮುಗಿಯುವುದಿತ್ತು. ಚಿಕ್ಕಮ್ಮ ಬಗ್ಗಿಕೊಂಡೇ ನನ್ನ ಕಡೆ ತಿರುಗಿ ಏದುಸಿರಿನಲ್ಲಿ ಅಂದಳು:

"ನಿಲ್ಲಿಸ್ಬೇಡ ಕಣೇ... ಈ ಸಾಲು ನಂದು... ನಿಲ್ಲಿಸ್ಬೇಡ!"

ನಾನು ಪೈಪರಳನ್ನು ನೋಡಿದೆ. ಅವಳು ಕಿವಿಯ ತಂತಿ ತೆಗೆದು ಜೇಬಿಗೆ ಹಾಕಿಕೊಂಡಳು. ನಾನು ಹಾಡನ್ನು ಮೊದಲಿನಿಂದ ಹಾಕಿದೆ.