ಗುಡಿಸಬೇಡಿ ಎಂದ ಡಾಕ್ಟರಮ್ಮ

ನಮ್ಮ ಡಾಕ್ಟರಮ್ಮ ಪಂಜರದ ಮುಂದೆ ನಿಂತರೆ ಮೊದಲು ಗಿಳಿಯ ಮುಖ ನೋಡುವವರಲ್ಲ. ಕನ್ನಡಕವನ್ನು ಹಣೆಗೇರಿಸಿ, ನಡು ಬಗ್ಗಿಸಿ, ತಳದಲ್ಲಿ ಬಿದ್ದ ಹಿಕ್ಕೆಯನ್ನು ನೋಡುವವರು. ಹಕ್ಕಿ ತಂದವರು ನಮಸ್ಕಾರಕ್ಕೆ ಎತ್ತಿದ ಕೈ ಹಾಗೇ ನಿಂತುಬಿಡುತ್ತಿತ್ತು. "ಇದು ಇವತ್ತಿಂದಾ, ನಿನ್ನೇದಾ?" ಎಂಬುದೇ ಅವರ ಕುಶಲಪ್ರಶ್ನೆ. ಆ ಹಕ್ಕಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಪಂಜರ ತೊಳೆದು, ಪರೀಕ್ಷೆಯ ಗಾಜು ಒರೆಸಿದವಳು ನಾನು. ಓದಿದ್ದು ಮೂರನೇ ಕ್ಲಾಸು. ಕಿವಿ ಮಾತ್ರ ಚುರುಕು, ಹಾಗಾಗಿ ಅವರ ಮಾತು ಬಹುಪಾಲು ನನ್ನೊಳಗೆ ಉಳಿದಿದೆ.

ಕುಳ್ಳಗಿನ ಒಣಕಲು ದೇಹ. ನಡಿಗೆ, ಬಸ್ಸು ಹೊರಟೇಬಿಟ್ಟಿತೆನ್ನುವವರದು; ಗಿಳಿಗಳ ಕೋಣೆಯ ಹೊಸ್ತಿಲು ಬಂದೊಡನೆ ಅದೇ ಕಾಲು ಹತ್ತಿಯಂತೆ ಮೆತ್ತಗಾಗುತ್ತಿತ್ತು. ತೋಳಿನ ತುಂಬ ಕೊಕ್ಕಿನ ತೂತುಗಳಿದ್ದ ಬೂದು ಕೋಟು. ಅದರ ಬಲಜೇಬಿನಲ್ಲಿ ಹಿಕ್ಕೆಯ ಪೊಟ್ಟಣಗಳು, ಎಡಜೇಬಿನಲ್ಲಿ ಬಿಸ್ಕತ್ತು. ಜೇಬುಗಳು ಎಂದೂ ಅದಲುಬದಲಾಗಲಿಲ್ಲವೆಂದು ನಂಬಿಕೊಂಡು ನಾನೂ ಆ ಬಿಸ್ಕತ್ತು ತಿಂದಿದ್ದೇನೆ.

ಹಿಕ್ಕೆಯನ್ನು ಗಾಢವಾದ ಉಪ್ಪುನೀರಿನಲ್ಲಿ ಕದಡಿ, ಸಣ್ಣ ಗಾಜಿನ ಕೊಳವೆಗೆ ಅಂಚಿನತನಕ ತುಂಬಿ, ಬಾಯಿಗೆ ತೆಳುಗಾಜು ಮುಚ್ಚಿಡುವರು. ಹಕ್ಕಿಯ ಕರುಳಲ್ಲಿ ಹುಳವಿದ್ದರೆ ಹಿಕ್ಕೆಯಲ್ಲಿ ಅದರ ಮೊಟ್ಟೆ ಇರುತ್ತದೆ; ಮೊಟ್ಟೆ ಹಗುರ. ಕಾಲುಗಂಟೆಯಲ್ಲಿ ತೇಲಿಬಂದು ಗಾಜಿಗೆ ಅಂಟುತ್ತದೆ. ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನನಗೂ ತೋರಿಸಿದ್ದರು: ದಪ್ಪ ಸಿಪ್ಪೆಯ, ಪುಟ್ಟ ಕೋಳಿಮೊಟ್ಟೆಯಂಥದು. "ಒಂದ್ಸಲ ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತಲ್ಲ ಅಕ್ಕ, ಮೊಟ್ಟೆ ದಿನಾ ಬೀಳಲ್ಲ," ಎಂದು, ಯಾವ ಗಿಳಿಗಾದರೂ ಮೂರು ದಿನದ ಹಿಕ್ಕೆ ನೋಡದೆ ಬಿಡುತ್ತಿರಲಿಲ್ಲ.

ಒಮ್ಮೆ ಒಬ್ಬ ಬಡಗಿ ಬಂದರು. ಹಿತ್ತಲಲ್ಲಿ ತಾವೇ ಕಟ್ಟಿದ ಹಕ್ಕಿಮನೆ, ಅದರಲ್ಲಿ ಇಪ್ಪತ್ತೆರಡು ಗಿಳಿ ಉಳಿದಿದ್ದವು. ಎರಡು ಆಗಲೇ ಸತ್ತಿದ್ದವು. ಈಗ ಅವರು 'ಗಯ್ಯಾಳಿ' ಎಂದು ಕರೆಯುತ್ತಿದ್ದ ಮುದಿ ಹೆಣ್ಣುಗಿಳಿ, ಬಟ್ಟಲು ಖಾಲಿ ಮಾಡುತ್ತಲೇ ಸೊರಗುತ್ತಿತ್ತು. ಎದೆಯೆಲುಬು ಚಾಕುವಿನ ಅಲಗಿನಂತೆ ಕೈಗೆ ತಗಲುತ್ತಿತ್ತು. ಕುಡಿಯುವ ನೀರಿಗೆ ಹುಳದ ಔಷಧಿ ಬೆರೆಸಿಟ್ಟಿದ್ದರಂತೆ.

"ಗಿಳಿಗೆ ಕಹಿ ಗೊತ್ತಾಗಲ್ವಾ? ನೀರೇ ಮುಟ್ಟಿರಲ್ಲ," ಎಂದು ಡಾಕ್ಟರಮ್ಮ ಮೂರು ದಿನದ ಹಿಕ್ಕೆ ತರಹೇಳಿದರು.

ಮೂರು ದಿನವೂ ಪೊಟ್ಟಣ ಬಂತು. ಮೂರು ದಿನವೂ ಗಾಜು ನಿರ್ಮಲ. ಗಯ್ಯಾಳಿ ಮಾತ್ರ ಕೂಗುವುದನ್ನೂ ಬಿಟ್ಟಿತ್ತು. ಮೂರನೆಯ ದಿನ ಹೊರಡುವಾಗ ಬಡಗಿ ನನ್ನೆದುರು ಹೆಮ್ಮೆಯಿಂದ ಹೇಳಿದರು: "ಅಜ್ಜೀ, ನಾನೇನು ಹೆಂಗ್ಹೆಂಗೋ ಇರೋದು ತರ್ತೀನಾ? ಗುಂಡಗೆ, ಗಟ್ಟಿಯಾಗಿರೋದನ್ನೇ ಆರಿಸಿ ತರ್ತೀನಿ. ಡಾಕ್ಟ್ರ ಮುಂದೆ ಮರ್ಯಾದೆ ಬೇಡ್ವಾ?"

ನಾನು ಪೊರಕೆ ಕೆಳಗಿಟ್ಟು ಒಳಗೆ ಓಡಿದೆ. ಕೇಳಿ ಡಾಕ್ಟರಮ್ಮ ನಗಲಿಲ್ಲ. "ಜ್ವರದ ಮಗೂಗೂ ತಲೆ ಬಾಚಿ ಕರ್ಕೊಂಡು ಬರ್ತಾರಲ್ಲ ಅಕ್ಕ, ಅದೇ ಇದು," ಎಂದು ಬಾಗಿಲಿಗೆ ಬಂದು ಬಡಗಿಯನ್ನು ಕೂಗಿದರು: "ನಾಳೆ ನಾನೇ ಬರ್ತೀನಿ. ಗುಡಿಸಬೇಡಿ."

ಮರುದಿನ ಬೆಳಿಗ್ಗೆ ನಾವಿಬ್ಬರೂ ಹೋದಾಗ ಬಡಗಿಯ ಹೆಂಡತಿ ಬಾಗಿಲಲ್ಲೇ ಎದುರಾದರು. "ಬನ್ನಿ ಡಾಕ್ಟ್ರಮ್ಮ. ಪೊರಕೆ ಬಚ್ಚಿಟ್ಟಿದ್ದೀನಿ. ಬೆಳಿಗ್ಗೆಯಿಂದ ನಮ್ಮನೆಯವರ ಕೈ ಕಡೀತಾ ಇದೆ."

"ಸುಮ್ನಿರೇ," ಎಂದರು ಬಡಗಿ, ಅತ್ತ ತಿರುಗಿ.

ಡಾಕ್ಟರಮ್ಮ ಮೊಣಕಾಲೂರಿ, ಗಯ್ಯಾಳಿ ಕೂತ ಕೊಂಬೆಯ ಕೆಳಗಿನ ಲೋಳೆಲೋಳೆ ಹಿಕ್ಕೆಯನ್ನು ಕೆರೆದುಕೊಂಡರು. ಆಸ್ಪತ್ರೆಗೆ ತಂದು ನೋಡಿದರೆ ಗಾಜಿನ ತುಂಬ ಮೊಟ್ಟೆ.

ಬಡಗಿಗೆ ಆತುರ. "ಪೂರಾ ಔಷಧಿ ಒಂದೇ ಸಲ ಹಾಕ್ಬಿಡಿ, ಎಲ್ಲಾ ಸಾಯ್ಲಿ!"

"ಎಲ್ಲಾ ಒಟ್ಟಿಗೆ ಸತ್ರೆ ಕರುಳಿಗೆ ಬಿರಡೆ ಹಾಕ್ದಂಗೆ. ಹುಳದ ಜೊತೆ ಹಕ್ಕೀನೂ ಹೋಗುತ್ತೆ."

ಗಯ್ಯಾಳಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು, ದಿನವೂ ತೂಗಿ, ಇಷ್ಟಿಷ್ಟೇ ಕೊಟ್ಟರು. ಉಳಿದವನ್ನೂ ಒಂದೊಂದಾಗಿ ಟವೆಲಿನಲ್ಲಿ ಸುತ್ತಿ, ತೂಕ ನೋಡಿ, ಬಾಗಿದ ನಳಿಗೆಯಿಂದ ಗಂಟಲಚೀಲಕ್ಕೇ ಔಷಧಿ ಇಳಿಸಿದರು. ಯಾವುದೋ ಗಿಳಿ ಹೆಬ್ಬೆರಳು ಹರಿದಾಗ, "ಕಚ್ಚೋ ಶಕ್ತಿ ಇದೆ, ಒಳ್ಳೇದು," ಎಂದರೇ ಹೊರತು ಕೈ ಬಿಡಲಿಲ್ಲ.

ಐದನೆಯ ದಿನ ಗಯ್ಯಾಳಿಯ ಪಂಜರದ ತಳದಲ್ಲಿ ಬಿಳಿ ದಾರದ ಸಿಕ್ಕಿನಂಥ ಹುಳದ ಮುದ್ದೆ. ಮಧ್ಯಾಹ್ನಕ್ಕೆ ಗಿಳಿಯ ಕಿರುಚಾಟ ಬೀದಿಗೆ ಕೇಳಿಸಿತು. ಬಡಗಿ ಹಣ್ಣಿನ ಬುಟ್ಟಿ ಹಿಡಿದು ಓಡಿಬಂದು, "ನಿಮ್ಮ ಉಪಕಾರ ಹೇಗೆ ಮರೀಲಿ ತಾಯಿ," ಎಂದು ಕೈಮುಗಿದರು.

"ನೆಲ ಯಾವಾಗ ಅಗೀತೀರಿ?" ಎಂದರು ಡಾಕ್ಟರಮ್ಮ.

ಬಡಗಿಯ ಮುಖ ಸಣ್ಣದಾಯಿತು. ಆ ಮಣ್ಣು ಅವರು ಸ್ವತಃ ಜರಡಿ ಹಿಡಿದು ಹಾಸಿದ್ದು, ಹುಲ್ಲು ಬೆಳೆಸಿದ್ದು. "ಹಕ್ಕಿಗೆ ಮಣ್ಣು ಬೇಡ್ವಾ?"

"ಹುಳಕ್ಕೂ ಅದೇ ಬೇಕು. ಮೊಟ್ಟೆ ಆ ತೇವದಲ್ಲಿ ತಿಂಗಳುಗಟ್ಟಲೆ ಜೀವ ಹಿಡ್ಕೊಂಡಿರುತ್ತೆ. ಮಣ್ಣು ತೆಗೆದು ಸಿಮೆಂಟು ಹಾಕೋವರೆಗೂ ಗಯ್ಯಾಳಿ ನನ್ನ ಹತ್ರಾನೇ ಇರ್ತಾಳೆ."

ಬಡಗಿ ಸಿಟ್ಟಾದರು. ಹಟಮಾರಿ ಹೆಂಗಸು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಎರಡು ವಾರ ಕಳೆದು ಎರಡನೆಯ ಸುತ್ತಿನ ಔಷಧಿಗೆ ಡಾಕ್ಟರಮ್ಮ ಕರೆಯದೆಯೇ ಹೋದರು. ಎಲ್ಲಕ್ಕೂ ಔಷಧಿ ಹಾಕಿ, ಹಿತ್ತಲ ಗೋಡೆಗೊರಗಿದ್ದ ಗುದ್ದಲಿಯನ್ನು ತಾವೇ ಎತ್ತಿಕೊಂಡು ಹುಲ್ಲಿಗೆ ಮೊದಲ ಏಟು ಹಾಕಿದರು. ಮೂರನೆಯ ಏಟಿಗೆ ಬಡಗಿ ಬಂದು ಗುದ್ದಲಿ ಕಸಿದುಕೊಂಡರು. ಬೈಯುತ್ತಾರೆಂದು ನಾನು ತಕ್ಕಡಿ ಅಪ್ಪಿಕೊಂಡು ನಿಂತೆ. ಅವರು ತುಟಿಕಚ್ಚಿ ಅಗೆಯತೊಡಗಿದರು.

"ಅಬ್ಬಾ! ನಾನು ಹೇಳಿದ್ರೆ ಗೋಡೆಗೊಂದು ಮೊಳೆ ಹೊಡೀದೋರು," ಎಂದರು ಹೆಂಡತಿ.

ಗೇಣಾಳದ ಮಣ್ಣು ಹೋಗಿ ಸಿಮೆಂಟು ಬಂತು. ಆಮೇಲೂ ಮತ್ತೆ ಮೂರು ದಿನ ಪರೀಕ್ಷೆ. ಗಾಜು ಈ ಸಲ ನಿಜಕ್ಕೂ ನಿರ್ಮಲವಾದ ಮೇಲೆಯೇ ಗಯ್ಯಾಳಿ ಮನೆಗೆ ಹೋದದ್ದು.

ಕಷ್ಟಕ್ಕೆ ಒದಗುವವರು ಲೋಕದಲ್ಲಿ ಕಡಮೆಯೇನಿಲ್ಲ. ಆದರೆ ಹೆಚ್ಚಿನವರ ಕೆಲಸ, ಎದುರಿನವರು ಕೈಮುಗಿದಲ್ಲಿಗೆ ಮುಗಿಯುತ್ತದೆ. ಹೊಗಳಿಕೆ ಕಿವಿಗೆ ಬಿದ್ದಮೇಲೂ ಗುದ್ದಲಿ ಹುಡುಕುವವರು ಅಪರೂಪ. ರೋಗ ಹೋದಮೇಲೆ ಅದರ ಬೀಡನ್ನು ಅರಸಿಕೊಂಡು ಹೋಗುವ ಈ ಜಾತಿಯವರನ್ನು ಕೊಂಡಾಡಿದವರಿಗಿಂತ ಬೈದುಕೊಂಡವರೇ ಹೆಚ್ಚು. ಹಾಗೆ ಬೈದುಕೊಂಡವರ ಹಿತ್ತಲಲ್ಲಿ ಇವತ್ತಿಗೂ ಗಿಳಿಗಳ ಗದ್ದಲ ಕೇಳಿಸುತ್ತದೆ.