ಹೂಂ ಅಂದದ್ದು ಯಾರು

ರಾಕ್ಷಸಿಯ ಹಲ್ಲುಗಳಿಗೆ ಲೋಕೇಶ ಬಾಟಲಿಗಟ್ಟಲೆ ಇಂಕು ಸುರಿದಿದ್ದ. ಅವ್ವನ ಸೀರೆ ಉಟ್ಟು, ಅವ್ವನ ದನಿಯಲ್ಲೇ ಬಾಗಿಲು ಬಡಿಯುವ ರಾಕ್ಷಸಿ. ಒಳಗೆ, ಅಗುಳಿಯ ಮೇಲೆ ಕೈಯಿಟ್ಟು ನಿಂತ ಹುಡುಗಿ. ಅವನು ಬರೆಯುತ್ತಿದ್ದ ಕಾಮಿಕ್ಸಿಗೆ ಬೇಕಾದದ್ದೆಲ್ಲ ಇತ್ತು, ಕೊನೆಯ ಪುಟವೊಂದನ್ನು ಬಿಟ್ಟು.

ಆ ಕಥೆಯ ಕೊನೆ ಗೊತ್ತಿದ್ದದ್ದು ಅವನ ಅವ್ವ ಮಂಗಳಮ್ಮನಿಗೆ ಮಾತ್ರ. ಹೋದ ವರ್ಷ ಆಸ್ಪತ್ರೆಯಲ್ಲಿ, ಜ್ವರದಲ್ಲಿ ಮಲಗಿದ್ದ ಅವನ ತಂಗಿ ಪೂಜಳಿಗೆ ಅದನ್ನು ಹೇಳುತ್ತಿದ್ದಳು. ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಮಗು ಮಲಗಿತು ಎಂದು ಅರ್ಥ, ಕಥೆಯೂ ಅಲ್ಲೇ ನಿಲ್ಲಬೇಕು. ಹುಡುಗಿ ಅಗುಳಿಗೆ ಕೈಯಿಟ್ಟಾಗ ಹೂಂ ನಿಂತಿತು. ಸದ್ಯ, ನಿದ್ದೆ ಬಂತಲ್ಲ ಎಂದು ಮಂಗಳಮ್ಮ ಹೊದಿಕೆ ಸರಿಮಾಡಿ, ಸದ್ದಾಗದಂತೆ ಎದ್ದು ಟೀ ಕುಡಿಯಲು ಹೋದಳು. ಮರಳುವಷ್ಟರಲ್ಲಿ ನರ್ಸು ಆ ಹೊದಿಕೆಯನ್ನು ಮುಖದ ಮೇಲಕ್ಕೆ ಎಳೆದಿದ್ದಳು.

ಆಮೇಲೆ ಅವಳು ಯಾರಿಗೂ ಕಥೆ ಹೇಳಿಲ್ಲ.

"ಬಾಗ್ಲು ತಗೀತಾಳಾ ಇಲ್ವಾ, ಅಷ್ಟು ಏಳವ್ವ ಸಾಕು."

"ನಂಗ್ಯಾವ ಕತೇನೂ ಗೊತ್ತಿಲ್ಲ. ಎಮ್ಮೆಗೆ ಉಲ್ಲಾಕೋಗು."

ಅವನೇ ಒಂದು ಕೊನೆ ಕಟ್ಟಿದ. ಪುಟದ ತುಂಬ ಕತ್ತಲೆ, ಮೂಲೆಯಲ್ಲೊಂದು ಖಾಲಿ ಮಂಚ. ಮೇಲೆ ಮಾತಿನ ಗುಳ್ಳೆ. ಅದರ ಬಾಲ ಮಂಚದ ಕಡೆಗೆ. ಒಳಗೆ ಒಂದೇ ಮಾತು: ಹೂಂ.

"ಲೇ, ಒಬ್ನೇ ಬಚ್ಚಲಿಗೆ ಓಗಕ್ಕಾಗ್ನಿಲ್ಲ ಕಣ್ಲಾ," ಎಂದ ಓದಿದ ಗೆಳೆಯ ಚಿಕ್ಕಸ್ವಾಮಿ.

ಅಚ್ಚಿಗೆ ಕೊಡಲು ಶ್ರೀರಂಗಪಟ್ಟಣದ ಬಸ್ಸು ಹಿಡಿಯಬೇಕಿತ್ತು. ಲೋಕೇಶ ಜಗಲಿಯ ಮೇಲೆ ಹಾಳೆ ಜೋಡಿಸುತ್ತಿದ್ದಾಗ ಮಂಗಳಮ್ಮ ಬಂದು ಕೂತಳು. ಕೊನೆಯ ಪುಟ ಎತ್ತಿಕೊಂಡು, ಗುಳ್ಳೆಯ ಬಾಲದ ಗುಂಟ ಮಂಚದವರೆಗೂ ಬೆರಳು ಸವರಿದಳು.

"ಇದ್ಯಾರ್ಲಾ?"

ಲೋಕೇಶ ಉಳಿದ ಹಾಳೆಗಳ ಅಂಚು ಸರಿಮಾಡಿದ.

"ನಮ್ ಪೂಜ ಅಲ್ಲ ಬುಡು. ಈ 'ಹ' ಅವ್ಳ ಬಾಯಲ್ಲಿ ಯಾವತ್ತ್ ಬಂದಿತ್ತು? ಟೀಚರ್ ಬೈದ್ರೂ ಊಂ ಅಂತಿದ್ಲು."

ಲೋಕೇಶ ಬಿಳಿ ಬಣ್ಣ ತಂದು ಹೂಂ ಅಳಿಸಿದ. ಊಂ ಎಂದು ಬರೆದ. ಅದೇ ಕತ್ತಲೆ, ಅದೇ ಮಂಚ. ಆದರೆ ಪುಟದಲ್ಲಿ ಹೆದರಿಕೆಯೇ ಉಳಿಯಲಿಲ್ಲ. ಅವನಿಗೆ ಅದನ್ನು ನೋಡಲಾಗಲಿಲ್ಲ.

ಮಂಗಳಮ್ಮ ಒಣಗಲೆಂದು ಸೆರಗಿನಿಂದ ಗಾಳಿ ಹಾಕಿದಳು. ಹಾಕುತ್ತಲೇ ಶುರುಮಾಡಿದಳು:

"ಆ ಉಡ್ಗಿ ಅಗುಳಿ ಮ್ಯಾಲೆ ಕೈ ಇಟ್ಟವ್ಳೆ. ವರಗ್ನಿಂದ ಅವ್ವ ಕೂಗ್ತಾವ್ಳೆ, ಮಗಾ, ಮಗಾ ಅಂತ..."

ನಿಲ್ಲಿಸಿದಳು. ಕಾದಳು.

ಲೋಕೇಶ ಊಂ ಅನ್ನಲು ಬಾಯಿ ತೆರೆದ. ಅವಳು ಹಾಳೆಯಿಂದ ಕಣ್ಣು ಕೀಳದೆ ಅಂಗೈಯಿಂದ ಅವನ ಬಾಯಿ ಮುಚ್ಚಿದಳು.

"ನೀನಲ್ಲ ಕಣ್ಲಾ. ಸುಮ್ಕಿರು. ಅವ್ಳಂತಾಳೆ."